ಅತ್ತೆಯ ಹಲಸಿನ ಮರಕ್ಕೆ ನಾನು ಬರೆದ ಸೊನ್ನೆ

ಶಿವರಾತ್ರಿ ಕಳೆದು ಒಂದು ವಾರವಾಗಿತ್ತು ಎಂದು ಬರೆಯಲು ಹೊರಟೆ. ಆದರೆ ಅದು ನನಗೆ ನೆನಪಿರುವ ಸಂಗತಿಯಲ್ಲ, ಆಮೇಲೆ ಹೊಂದಿಸಿಕೊಂಡದ್ದು. ಹಲಸಿನ ಕಾಯಿಗಳು ಮುಷ್ಟಿಯ ಗಾತ್ರ ದಾಟಿದ್ದವು, ಬೆನ್ನಿಗೆ ಬಿಸಿಲು ಚುರುಗುಟ್ಟುತ್ತಿತ್ತು, ಆದ್ದರಿಂದ ಶಿವರಾತ್ರಿಯ ಆಸುಪಾಸು ಇರಬೇಕು. ತೊಂಬತ್ತರ ದಶಕದ ಕೊನೆಯ ಭಾಗ. ನಿಟ್ಟೂರಿನಿಂದ ಎರಡು ಮೈಲಿ ಒಳಗಿರುವ ನನ್ನ ಅಪ್ಪನ ಊರಿನಲ್ಲಿ, ಸೋದರತ್ತೆಯ ಪಾಲಿನ ಮರದ ಕೆಳಗೆ ನಿಂತು, ಈ ವರ್ಷ ಬಿಟ್ಟಿರುವ ಕಾಯಿಗಳ ಸಂಖ್ಯೆ ಎಂಬ ಕಾಲಂನಲ್ಲಿ ನಾನು ಸೊನ್ನೆ ಬರೆದೆ. ಮರದಲ್ಲಿ ಕಾಯಿ ಇದ್ದವು. ಇಷ್ಟು ಮಾತ್ರ ಖಚಿತ. ಉಳಿದದ್ದನ್ನು ಎಷ್ಟೋ ಸಲ ತಿದ್ದಿಕೊಂಡಿದ್ದೇನೆ. ಈಗ ಬರೆಯುವಾಗಲೂ ತಿದ್ದುತ್ತಿರಬಹುದು.

ಆಗ ನಾನು ಡಿಗ್ರಿ ಮುಗಿಸಿ ತುಮಕೂರಿನ ಬಾಡಿಗೆ ಮನೆಯಲ್ಲಿ ಕೂತಿದ್ದೆ. ಒಂದು ಕಚೇರಿಯವರು ಹಣ್ಣಿನ ಮರಗಳ ಗಣತಿಗೆ ದಿನಗೂಲಿಯ ಮೇಲೆ ಜನರನ್ನು ತೆಗೆದುಕೊಳ್ಳುತ್ತಿದ್ದರು. ನನಗೆ ಸಿಕ್ಕಿದ್ದು ಗುಬ್ಬಿ ತಾಲ್ಲೂಕಿನ ಹಲಸು. ಮಾವು, ಸಪೋಟ ಸಿಕ್ಕವರಿಗೆ ಕೆಲಸ ಸುಲಭ. ಅವು ತೋಟದಲ್ಲಿ ಸಾಲು ಹಿಡಿದು ನಿಂತಿರುತ್ತವೆ. ಹಲಸನ್ನು ಆ ಕಾಲಕ್ಕೆ ಯಾರೂ ತೋಟ ಮಾಡಿರಲಿಲ್ಲ. ರಾಗಿ ಹೊಲದ ಬದುವಿನಲ್ಲಿ ಒಂದು, ತೆಂಗಿನ ತೋಟದ ಮೂಲೆಯಲ್ಲಿ ಎರಡು, ಬಾವಿಯ ಪಕ್ಕ ಒಂದು. ಯಾರು ನೆಟ್ಟರೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಣ್ಣು ಬಿದ್ದರೆ ದಾರಿಯಲ್ಲಿ ಹೋಗುವವರು ತಿನ್ನುತ್ತಿದ್ದರು, ಮಿಕ್ಕದ್ದನ್ನು ದನ ತಿನ್ನುತ್ತಿದ್ದವು. ಅಂಥ ಹಣ್ಣು ದೇಶದಲ್ಲಿ ಎಷ್ಟಿದೆ, ವರ್ಷದಿಂದ ವರ್ಷಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಮೇಲಿನವರಿಗೆ ತಿಳಿಯಬೇಕಾಗಿತ್ತು. ಮೇಲಿನವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಬೆಂಗಳೂರು ಇರಬಹುದು, ದೆಹಲಿ ಇರಬಹುದು. ನನ್ನ ಕೆಲಸ ಮರದ ಕೆಳಗೆ ನಿಂತು ಕೇಳುವುದು.

ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಕಾಯಿ ಎಷ್ಟಿವೆ ಎಂದು ಬಾಯಲ್ಲಿ ಆಡಿದರೆ ಕಣ್ಣು ಬೀಳುತ್ತದೆ, ಹೀಚು ಕಪ್ಪಾಗಿ ಉದುರುತ್ತದೆ. ಹೊರಗಿನವರ ಮುಂದಂತೂ ಆಡಲೇಬಾರದು. ಇದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ನನಗೂ ಗೊತ್ತಿತ್ತು. ನಮ್ಮೂರಿನಲ್ಲೇ, ಬಾವಿಯ ಪಕ್ಕದ ಮರದ ಯಜಮಾನರಾದ ಒಬ್ಬ ಮುದುಕರನ್ನು ಕೇಳಿದೆ. ಅವರು ಬೀಡಿ ಹೊತ್ತಿಸಿಕೊಂಡು ಮರಕ್ಕೆ ಬೆನ್ನು ಹಾಕಿ ನಿಂತರು.

"ಏನಿಲ್ಲ ಕಣವ್ವ. ಈ ಸಲ ಹಿಡೀಲೇ ಇಲ್ಲ."

"ಹಿಂದೆ ಕಾಣ್ತಾ ಇದ್ಯಲ್ಲ ಅಜ್ಜ?"

"ಅದಾ? ಅದು ಎಲೆ."

"ಎಲೆ ಬೇರಿನ ಹತ್ರ ಬಿಡುತ್ತಾ?"

"ನಮ್ಮ ಮರ ಹಂಗೇಯ," ಎಂದು ಹೊಗೆ ಬಿಟ್ಟರು. ಬಾವಿಯಲ್ಲಿ ನೀರು ಸೇದುತ್ತಿದ್ದ ಅವರ ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ. ನಗುತ್ತಲೇ ಕೊಂಬೆಗಳ ಮೇಲೆ ಕಣ್ಣಾಡಿಸಿ, ಕಂಡಷ್ಟನ್ನು ಫಾರಂನಲ್ಲಿ ಬರೆದುಕೊಂಡೆ. ಹಾಗೆ ಬರೆಯಬೇಕೆಂದು ಹೇಳಿಕೊಟ್ಟವರು ನಮ್ಮ ಸೂಪರ್‌ವೈಸರ್. ರಿಟೈರ್‌ಮೆಂಟಿಗೆ ಒಂದು ವರ್ಷ ಬಾಕಿ ಇದ್ದ ಮನುಷ್ಯ, ಮೊಪೆಡ್ ಮೇಲೆ ಬಂದು ಮರದ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು.

"ಕಿವೀಲಿ ಕೇಳು, ಕಣ್ಣಲ್ಲಿ ಬರಿ. ಇಲ್ಲ ಅಂದ್ರೆ ಇದೆ ಅಂತ ತಿಳ್ಕೊ. ಸುಮಾರಾಗೈತೆ ಅಂದ್ರೆ ಕೊಂಬೆ ಮುರಿಯೋ ಹಂಗೈತೆ ಅಂತ. ಭಾಳ ಚೆನ್ನಾಗೈತೆ ಅಂದ್ರೆ ಮಾತ್ರ ಹುಷಾರು ಕಣಮ್ಮ, ಅವ್ನು ಮರ ಮಾರಕ್ಕೆ ಹೊರಟವ್ನೆ."

ಅವರು ಇನ್ನೊಂದು ಸಂಗತಿಯನ್ನೂ ಹೇಳಿದ್ದರು. ಫಾರಂ ತುಂಬಿದ ಮೇಲೆ ಜಮೀನಿನ ಯಜಮಾನನ ಸಹಿ ಹಾಕಿಸಬೇಕು, ಕಾರ್ಬನ್ ಪ್ರತಿಯನ್ನು ಅವನಿಗೇ ಬಿಟ್ಟು ಬರಬೇಕು. ಅವರು ಅದನ್ನೇನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ, "ಬೀಡಿ ಹಚ್ಚಕ್ಕೆ," ಎಂದಿದ್ದರು.

ಅತ್ತೆಯ ಮರದ ಬಗ್ಗೆ ಹೇಳಬೇಕು. ಅತ್ತೆಯನ್ನು ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟದ ಕೆಳಗಿನ ಒಂದು ಊರಿಗೆ ಕೊಟ್ಟಿದ್ದರು. ನಾನು ಹುಟ್ಟುವ ಮೊದಲೇ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಂದಳು. ಜಮೀನು ಇಬ್ಬರು ಅಣ್ಣತಮ್ಮಂದಿರ ಹೆಸರಿನಲ್ಲಿತ್ತು. ದೊಡ್ಡವನು ಊರಲ್ಲೇ ಇದ್ದ ನನ್ನ ದೊಡ್ಡಪ್ಪ, ಚಿಕ್ಕವನು ತುಮಕೂರಿನಲ್ಲಿ ಕೆಲಸದಲ್ಲಿದ್ದ ನನ್ನ ಅಪ್ಪ. ಊರಿನ ಐದು ಜನ ಹಿರಿಯರು ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಕೂತು ತೀರ್ಮಾನ ಮಾಡಿದರು. ಅತ್ತೆಗೆ ನೆಲದಲ್ಲಿ ಪಾಲಿಲ್ಲ. ದೊಡ್ಡಪ್ಪನ ಮನೆಯ ಹಿಂದಿನ ಕೋಣೆ ಅವಳದು. ಬದುವಿನ ದೊಡ್ಡ ಹಲಸಿನ ಹಣ್ಣು ಅವಳದು, ಮರ ಕಾಯಿ ಬಿಡುತ್ತಿರುವವರೆಗೂ. ಅಲ್ಲಿಯವರೆಗೆ ಮರಕ್ಕೆ ಯಾರೂ ಕೊಡಲಿ ತಾಗಿಸುವಂತಿಲ್ಲ. ಕಾಯಿ ಬಿಡುವುದು ನಿಂತರೆ ಮರ ಅಣ್ಣತಮ್ಮಂದಿರಿಗೆ. ಇದನ್ನು ಯಾರೂ ಬರೆದಿಡಲಿಲ್ಲ. ಬರೆಯುವ ಅಗತ್ಯ ಬೀಳಲಿಲ್ಲ, ಎಲ್ಲರಿಗೂ ಬಾಯಿಪಾಠವಾಗಿತ್ತು. ನನಗೂ ಆಗಿತ್ತು.

ಆ ಮರ ಚಂದ್ರ ಬಕ್ಕೆ. ತೊಳೆ ಕೆಂಪಗೆ, ಗಟ್ಟಿಯಾಗಿ, ಕಚ್ಚಿದರೆ ಕರಕ್ಕೆನ್ನುತ್ತಿತ್ತು. ಮೇ ತಿಂಗಳಿನಿಂದ ಆಷಾಢದವರೆಗೆ ಅತ್ತೆ ದಿನಕ್ಕೆ ಎರಡು ಹಣ್ಣನ್ನು ಗೋಣಿಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಗುಬ್ಬಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಣ್ಣು ಸೀಳುತ್ತಿದ್ದಳು. ಒಸರುವ ಅಂಟನ್ನು ಕಡ್ಡಿಗೆ ಸುತ್ತಿ ಪಕ್ಕಕ್ಕಿಡುತ್ತಿದ್ದಳು. "ಮೂಸಿ ನೋಡಿ ಹೊಟ್ಟೆ ತುಂಬಿಸ್ಕೊಂಡು ಹೋಗ್ಬೇಡಿ ಸ್ವಾಮಿ, ಒಂದಾದ್ರೂ ತಿನ್ನಿ," ಎಂದು ಬಸ್ಸಿನ ಕಿಟಕಿಯಲ್ಲಿ ಕೂತವರನ್ನು ಕೆಣಕುತ್ತಿದ್ದಳು. ಕಂಡಕ್ಟರುಗಳಿಗೆ ಅವಳ ಹಣ್ಣು ಗೊತ್ತಿತ್ತು. ಬಲಿತ ಕಾಯಲ್ಲಿ ಹಪ್ಪಳ ಒತ್ತುತ್ತಿದ್ದಳು, ಬೀಜ ಒಣಗಿಸಿ ಮಾರುತ್ತಿದ್ದಳು. ಹೀಗೆ ವರ್ಷ ದೂಡುತ್ತಿದ್ದಳು. ಅತ್ತಿಗೆಯ ಮನೆಯಲ್ಲಿ ಅವಳು ತನ್ನ ಒಲೆ ತಾನು ಹಚ್ಚುತ್ತಿದ್ದುದು, ಯಾರ ತಟ್ಟೆಯ ಕಡೆಗೂ ನೋಡದೆ ಇದ್ದುದು ಆ ಒಂದು ಮರದಿಂದ. ಮರ ಹೋದರೆ ಅವಳು ಅಡುಗೆಮನೆಯ ಬಾಗಿಲಲ್ಲಿ ಕಾಯಬೇಕಾದವಳು.

ನಾನು ಆ ಮರಕ್ಕೆ ಬಂದದ್ದು ಬಾವಿ ಪಕ್ಕದ ಮುದುಕರ ಮರವನ್ನು ಮುಗಿಸಿದ ಮೇಲೆ, ಅದೇ ದಿನ. ಸಹಿ ಹಾಕಲು ದೊಡ್ಡಪ್ಪ ಬಂದಿದ್ದರು. ಅವರ ಜೊತೆ ಪ್ಯಾಂಟು ತೊಟ್ಟ, ಕೈಯಲ್ಲಿ ಅಳತೆಯ ಟೇಪು ಹಿಡಿದ ಒಬ್ಬನಿದ್ದ. ಟೇಪನ್ನು ತೆಗೆದುಹಾಕಬೇಕು. ನೆನಪಿನಲ್ಲಿ ಅದನ್ನು ಅವನ ಕೈಗೆ ಆಮೇಲೆ ಕೊಟ್ಟವಳು ನಾನು. ಅವನು ತುಮಕೂರಿನಲ್ಲಿ ಮರ ಕೊಯ್ಯುವ ಒಂದು ಸಾಮಿಲ್ಲಿನವನು ಎಂದು ತಿಳಿದದ್ದು ಎಷ್ಟೋ ತಿಂಗಳ ನಂತರ. ಅವತ್ತು ಅವನು ದೊಡ್ಡಪ್ಪನ ಜೊತೆ ಬಂದ ಯಾರೋ ಒಬ್ಬ, ಅಷ್ಟೆ. ಮರವನ್ನು ಬುಡದಿಂದ ತುದಿಯವರೆಗೆ ನೋಡುತ್ತಿದ್ದ. ಅವನು ಕಾಯಿ ನೋಡುತ್ತಿದ್ದಾನೆ ಎಂದು ಅತ್ತೆ ತಿಳಿದಳು. ಹಾಗೆಂದು ಈಗ ನನಗೆ ಅನ್ನಿಸುತ್ತದೆ. ಅವಳು ಸರಸರನೆ ಹೋಗಿ ಬುಡದಲ್ಲಿ ಜೋತಾಡುತ್ತಿದ್ದ ಎರಡು ಕಾಯಿಗಳ ಮುಂದೆ ಸೀರೆ ಹರಡಿಕೊಂಡು ಕೂತಳು.

"ಅತ್ತೆ, ಎಷ್ಟು ಕಾಯಿ?"

"ಎಲ್ಲಿ ಕಾಯಿ? ಒಂದೂ ಇಲ್ಲ ಕಣೇ. ಬಂಜೆ ಬಿದ್ದೋಗೈತೆ ಮರ."

"ಒಂದೂ ಇಲ್ವಾ?"

"ಇಲ್ಲ ಅಂದ್ನಲ್ಲ. ಎಷ್ಟು ಸತಿ ಕೇಳೀಯೆ?" ಹೇಳುವಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ. ಆ ಮನುಷ್ಯನನ್ನು ನೋಡುತ್ತಿದ್ದಳು.

"ಬರ್ಕೊ ಮಗಾ, ಅವ್ಳೇ ಹೇಳ್ತಾವ್ಳಲ್ಲ," ಎಂದರು ದೊಡ್ಡಪ್ಪ. ಅಥವಾ ಅವರು ಏನೂ ಹೇಳಲಿಲ್ಲ. ಈ ಮಾತು ಇಲ್ಲದೆ ನಾನು ಸೊನ್ನೆ ಬರೆಯುವುದನ್ನು ಊಹಿಸಿಕೊಳ್ಳಲು ಪ್ರಯತ್ನಿಸಿದ್ದೇನೆ, ಆಗುವುದಿಲ್ಲ. ಬಹುಶಃ ಅದಕ್ಕೇ ಅದು ನೆನಪಿನಲ್ಲಿ ಇದೆ. ಬರೆದೆ. ಅವರು ಸಹಿ ಹಾಕಿದರು. ಕಾರ್ಬನ್ ಪ್ರತಿಯನ್ನು ಹರಿದು ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಯಾಕೆ ಬರೆದೆ? ಹೊರಗಿನವನ ಮುಂದೆ ಅತ್ತೆಯ ಮಾತನ್ನು ಸುಳ್ಳು ಮಾಡಬಾರದೆಂದು, ಎಂದು ಬಹಳ ಕಾಲ ಹೇಳಿಕೊಂಡೆ. ಆದರೆ ಫಾರಂ ನನ್ನ ಕೈಯಲ್ಲಿತ್ತು. ಅವನೇನೂ ಇಣುಕಿ ಓದುತ್ತಿರಲಿಲ್ಲ. ದಣಿದಿದ್ದೆ ಎಂದೂ ಹೇಳಿಕೊಂಡಿದ್ದೇನೆ. ಆದರೆ ಅರ್ಧ ಗಂಟೆಯ ಹಿಂದೆ ಬಾವಿ ಪಕ್ಕದ ಮುದುಕರ ಎಲೆಗಳನ್ನು ಕಾಯಿಗಳಾಗಿಯೇ ಬರೆದಿದ್ದೆ. ಇನ್ನೊಂದು ಕಾರಣವಿದೆ. ಅಪ್ಪ ಆಗ ತುಮಕೂರಿನ ಅಂಚಿನಲ್ಲಿ ಒಂದು ಸೈಟಿನಲ್ಲಿ ಮನೆ ಎಬ್ಬಿಸುತ್ತಿದ್ದ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಮುಂಬಾಗಿಲಿಗೆ ಹಲಸಿನ ಮರವೇ ಆಗಬೇಕು, ಹುಳ ಹಿಡಿಯುವುದಿಲ್ಲ, ವರ್ಷ ಹೋದಂತೆ ಬಣ್ಣ ಏರುತ್ತದೆ ಎಂದು ಮನೆಯಲ್ಲಿ ಮಾತು ನಡೆಯುತ್ತಿತ್ತು. ಆ ಮಾತು ನನ್ನ ಕಿವಿಯ ಮೇಲೆ ಬಿದ್ದದ್ದು ಗಣತಿಗೆ ಮೊದಲೋ ಆಮೇಲೋ? ಮೊದಲೇ ಎಂದು ಬರೆದರೆ ಓದುವವರಿಗೆ ಎಲ್ಲ ಸರಿಯಾಗಿ ಕೂರುತ್ತದೆ. ಹಾಗೆ ಸರಿಯಾಗಿ ಕೂರುವುದರಿಂದಲೇ ಅದನ್ನು ನಂಬಲು ಹಿಂಜರಿಯುತ್ತೇನೆ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಒಂದು ಅಲಂಕಾರವಿದೆ.

ಆ ವರ್ಷ ಮರ ಚೆನ್ನಾಗಿಯೇ ಕೊಟ್ಟಿತು. ಅತ್ತೆ ಗುಬ್ಬಿಗೆ ಹೋದಳು, ಬಂದಳು. ತುಮಕೂರಿಗೆ ನಮಗೂ ಒಂದು ಹಣ್ಣು ಬಂತು. ಅದನ್ನು ತಿನ್ನುವಾಗ ನನಗೆ ಫಾರಂ ನೆನಪಾಗಲಿಲ್ಲ.

ದೊಡ್ಡಪ್ಪ ಕಾರ್ತೀಕ ಮಾಸದವರೆಗೆ ಕಾದರು. ಆಗ ಹಲಸಿನ ಮರದಲ್ಲಿ ಎಲೆ ಬಿಟ್ಟರೆ ಏನೂ ಇರುವುದಿಲ್ಲ. ಹಿಂದೆ ತೀರ್ಮಾನ ಹೇಳಿದ್ದ ಐವರಲ್ಲಿ ಬದುಕಿದ್ದ ಮೂವರನ್ನು ಅದೇ ಜಗಲಿಗೆ ಕರೆಸಿದರು. ಬಾವಿ ಪಕ್ಕದ ಮುದುಕರೂ ಅವರಲ್ಲಿ ಒಬ್ಬರು. ಅಪ್ಪ ಬೆಳಗಿನ ಬಸ್ಸಿಗೆ ನನ್ನನ್ನೂ ಹೊರಡಿಸಿದ. ಯಾಕೆ ಎಂದು ಹೇಳಲಿಲ್ಲ.

ದೊಡ್ಡಪ್ಪ ಪ್ಲಾಸ್ಟಿಕ್ ಕವರಿನಿಂದ ಕಾರ್ಬನ್ ಪ್ರತಿಯನ್ನು ತೆಗೆದು ಜಗಲಿಯ ಮೇಲಿಟ್ಟರು. ಗಾಳಿಗೆ ಹಾರದಂತೆ ಮೇಲೊಂದು ಅಡಿಕೆ ಕತ್ತರಿ ಇಟ್ಟರು.

"ನಾನು ಹೇಳೋದಲ್ಲ. ಸರ್ಕಾರದ ಕಾಗದ ಹೇಳ್ತೈತೆ. ಮರ ಕಾಯಿ ಬಿಟ್ಟಿಲ್ಲ. ಹಿಂದೆ ಏನ್ ಮಾತಾಗಿತ್ತು, ನೀವೇ ಹೇಳಿ."

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ತಮಾಷೆ ಎಂದುಕೊಂಡಳು. "ಏನಣ್ಣ ಹಿಂಗಂತೀಯ. ಮೊನ್ನೆ ಜೇಷ್ಠದಾಗೆ ನಿನ್ನ ತಟ್ಟೆಗೆ ತೊಳೆ ಹಾಕ್ದೋಳು ಯಾರು?"

"ತಟ್ಟೆ ಮಾತು ಬುಡು. ಮರದ ಕೆಳಗೆ ಕೂತ್ಕಂಡು ಒಂದೂ ಇಲ್ಲ ಅಂದ್ಯೋ ಇಲ್ವೋ?"

"ಅಂದೆ."

"ಮತ್ತೆ?"

"ಯಾರ್ ತಾನೆ ಐತೆ ಅಂತಾರೆ?" ಅತ್ತೆಯ ಧ್ವನಿ ಏರಿತು. "ನಿನ್ನ ತೆಂಗಿನ ಮರ ಎಷ್ಟು ಬಿಟ್ಟವೆ ಅಂತ ನೀನು ಯಾವನ್ಗಾದ್ರೂ ಹೇಳಿದ್ಯಾ?" ಬಾವಿ ಪಕ್ಕದ ಮುದುಕರ ಕಡೆಗೆ ತಿರುಗಿದಳು. "ನೀನು ಹೇಳು ಮಾವ. ನಿನ್ನ ಮರದಾಗೆ ಎಷ್ಟೈತೆ ಅಂತ ಬರ್ಸಿದೆ ಈ ಮಗಿನ ಕೈಲಿ?"

ಮುದುಕರು ಬೀಡಿಯ ಬೂದಿ ಕೊಡವಿದರು. "ನಂದು ಬೇರೆ ಕಣವ್ವ. ನನ್ನ ಮರದ ಮೇಲೆ ಯಾರ ಮಾತೂ ಇಲ್ವಲ್ಲ."

ಇನ್ನೊಬ್ಬ ಹಿರಿಯರು ನಕ್ಕರು. ಕೆಟ್ಟ ನಗುವಲ್ಲ, ಸುಮ್ಮನೆ ಬಂದದ್ದು. ಅಲ್ಲಿದ್ದ ಪ್ರತಿಯೊಬ್ಬರಿಗೂ ಅತ್ತೆ ಯಾಕೆ ಹಾಗೆಂದಳು ಎಂದು ಗೊತ್ತಿತ್ತು. ಪ್ರತಿಯೊಬ್ಬರೂ ಅದೇ ಮಾತನ್ನು ನನಗೆ ಹೇಳಿದ್ದರು. ಪ್ರತಿಯೊಬ್ಬರ ಫಾರಂನಲ್ಲೂ ನಾನು ಅವರ ಮಾತನ್ನು ಬಿಟ್ಟು ನನ್ನ ಕಣ್ಣಿಗೆ ಕಂಡದ್ದನ್ನು ಬರೆದಿದ್ದೆ. ಅದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅವರು ಓದುವವರಲ್ಲ, ಪ್ರತಿಗಳನ್ನು ನಿಜವಾಗಿಯೂ ಬೀಡಿಗೆ ಹಚ್ಚಿದ್ದರು. ಇಡೀ ಊರಿನ ಹಲಸಿನ ಮರಗಳಲ್ಲಿ, ಹೇಳಿದ ಸುಳ್ಳು ಹೇಳಿದ ಹಾಗೇ ಕಾಗದಕ್ಕೆ ಇಳಿದದ್ದು ಅತ್ತೆಯ ಮರ ಒಂದರದೇ. ಇದನ್ನು ಹೇಳಬಲ್ಲವಳು ಅಲ್ಲಿ ನಾನೊಬ್ಬಳೇ ಇದ್ದೆ.

"ಏನವ್ವ, ಅಕ್ಷರ ನಿಂದೇನಾ?" ಎಂದು ಮುದುಕರು ನನ್ನನ್ನು ಕೇಳಿದರು.

"ಹೌದು," ಎಂದೆ.

"ಕಾಗದ ಇರೋವಾಗ ನಾವೇನು ಹೇಳಾಣ," ಎಂದು ಅವರು ಎದ್ದು ಪಂಚೆ ಕೊಡವಿಕೊಂಡರು.

ಮರ ಬಿದ್ದದ್ದನ್ನು ನಾನು ಕಂಡಿದ್ದೇನೆ. ಹಗ್ಗ ಕಟ್ಟಿದ್ದಾರೆ, ಇಬ್ಬರು ಗರಗಸ ಎಳೆಯುತ್ತಿದ್ದಾರೆ, ಕತ್ತರಿಸಿದ ಜಾಗದಿಂದ ಹಾಲಿನಂಥ ಅಂಟು ಒಸರಿ ಗರಗಸದ ಹಲ್ಲು ಹಿಡಿದುಕೊಳ್ಳುತ್ತಿದೆ, ಒಬ್ಬ ಸೀಮೆಎಣ್ಣೆ ಸುರಿಯುತ್ತಿದ್ದಾನೆ. ಒಳಗಿನ ತಿರುಳು ಅರಿಶಿನದ ಬಣ್ಣ. ಇಷ್ಟು ಸ್ಪಷ್ಟವಾಗಿ ಕಾಣುವುದು ಸುಳ್ಳು. ಅವತ್ತು ನಾನು ತುಮಕೂರಿನಲ್ಲಿದ್ದೆ. ಇದು ಇನ್ಯಾವುದೋ ಮರ. ಆ ಎರಡು ಮೂರು ವರ್ಷಗಳಲ್ಲಿ ಗುಬ್ಬಿ ತಾಲ್ಲೂಕಿನ ಬದುಗಳಲ್ಲಿ ಅಷ್ಟು ಹಲಸಿನ ಮರಗಳು ಬಿದ್ದವು, ಅವುಗಳಲ್ಲಿ ಒಂದನ್ನು ನೋಡಿದ್ದು ಇಲ್ಲಿಗೆ ಬಂದು ಸೇರಿಕೊಂಡಿದೆ. ತುಮಕೂರಿನಲ್ಲೂ ಬೆಂಗಳೂರಿನಲ್ಲೂ ಬಡಾವಣೆಗಳು ಏಳುತ್ತಿದ್ದವು. ಎಲ್ಲ ಮನೆಗಳಿಗೂ ಬಾಗಿಲು ಬೇಕಿತ್ತು. ಅತ್ತೆಯ ಮರದಿಂದ ಬಾಗಿಲು, ಚೌಕಟ್ಟು, ಹೊಸಿಲು ನಮ್ಮ ಮನೆಗೆ ಟೆಂಪೋದಲ್ಲಿ ಬಂದವು. ಮಿಕ್ಕದ್ದನ್ನು ಸಾಮಿಲ್ಲಿನವನು ಇಟ್ಟುಕೊಂಡ. ಬಡಗಿ ಕೀಸುಳಿ ಹೊಡೆಯುವಾಗ ಹಳದಿ ಹೊಟ್ಟು ಉದುರುತ್ತಿತ್ತು. ಅಮ್ಮ ಅದನ್ನು ಗುಡಿಸಿ ಬಚ್ಚಲ ಒಲೆಗೆ ಹಾಕಿದಳು. ಅಪ್ಪ ಅತ್ತೆಯನ್ನು ಗೃಹಪ್ರವೇಶಕ್ಕೆ ಕರೆದ. ಅವಳು ಬಂದಳು, ಊಟ ಮಾಡಿದಳು, ಅರಿಶಿನ ಕುಂಕುಮದ ಹೊತ್ತಿಗೆ ವಿಧವೆಯೆಂದು ಹಿಂದೆ ಸರಿದು ಅಡುಗೆಯವರ ಹತ್ತಿರ ಹೋಗಿ ನಿಂತಳು. ಅವಳು ಬಾಗಿಲನ್ನು ಹೇಗೆ ನೋಡಿದಳು ಎಂದು ಬರೆಯಬಹುದಿತ್ತು. ನಾನು ಗಮನಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅತ್ತೆ ಚೇಳೂರಿಗೆ ಹೋದಳು. ಅಲ್ಲಿಯ ಹಲಸಿನ ಸಂತೆ ಆ ವರ್ಷಗಳಲ್ಲಿ ಬೆಳೆಯುತ್ತಿತ್ತು. ಬದುವಿನಲ್ಲಿ ಬಿದ್ದು ಕೊಳೆಯುತ್ತಿದ್ದ ಹಣ್ಣನ್ನು ಜನ ಗಾಡಿಯಲ್ಲಿ ತರತೊಡಗಿದ್ದರು, ದೂರದ ಊರುಗಳಿಂದ ಲಾರಿಗಳು ಬಂದು ನಿಲ್ಲುತ್ತಿದ್ದವು. ಅವಳು ಎರಡು ಹಣ್ಣು ಕೊಂಡು ಗುಬ್ಬಿಯಲ್ಲಿ ಬಿಡಿಸಿ ಮಾರಬಹುದು ಎಂದುಕೊಂಡಳು. ಒಂದು ಸಲ ನಾನೂ ಜೊತೆಗಿದ್ದೆ.

"ಎರಡೇ ಎರಡು ಕೊಡಪ್ಪ, ಬಕ್ಕೆ ನೋಡಿ ಕೊಡು."

"ಬಿಡಿ ಇಲ್ಲ ಕಣಮ್ಮ. ಲೋಡಿಗೆ ಮಾತಾಗೋಗೈತೆ."

"ಲೋಡು ತಗಂಡು ನಾನೇನ್ಲಾ ಮಾಡ್ಲಿ? ನಾನೇನು ಮದ್ವೆ ಮಾಡ್ತಿದೀನಾ?"

"ಒಡ್ದೋಗಿರೋವು ಅಲ್ಲಿ ಅವೆ ನೋಡು, ಬೇಕಾದ್ರೆ ತಗಂಡೋಗು."

ಲಾರಿಗೆ ಎಸೆಯುವಾಗ ಕೈತಪ್ಪಿ ಸೀಳಿಹೋದ ಹಣ್ಣುಗಳು ಒಂದು ಕಡೆ ರಾಶಿ ಬಿದ್ದಿದ್ದವು. ಅವಳು ಅವುಗಳಲ್ಲಿ ಆರಿಸಿಕೊಂಡಳು. ಬಕ್ಕೆಯ ಜೊತೆ ಅಂಬಲಿಯೂ ಇತ್ತು. ಅಂಬಲಿ ಹಣ್ಣಿನ ತೊಳೆ ಮೆತ್ತಗೆ ಜಾರುತ್ತದೆ, ಎಲೆಯ ಮೇಲೆ ಇಟ್ಟು ಮಾರಲು ಬರುವುದಿಲ್ಲ. ಗುಬ್ಬಿಯಲ್ಲಿ ಹಳೆಯ ಕಂಡಕ್ಟರ್ ಒಬ್ಬ ಒಂದು ತೊಳೆ ಬಾಯಿಗೆ ಹಾಕಿಕೊಂಡು ಮುಖ ಹುಳ್ಳಗೆ ಮಾಡಿದ. "ಏನಮ್ಮ, ನಿನ್ನ ಚಂದ್ರ ಎಲ್ಲೋಯ್ತು?"

"ತುಮಕೂರಾಗೆ ನಿಂತೈತೆ," ಎಂದಳು ಅತ್ತೆ, "ಬಾಗ್ಲಾಗಿ." ಅವನು ಜೋಕೆಂದು ನಕ್ಕ. ನಾನು ಪಕ್ಕದಲ್ಲೇ ನಿಂತಿದ್ದೆ.

ಎರಡು ಬೇಸಿಗೆ ಹಾಗೆ ನಡೆಯಿತು. ಮೂರನೆಯದರಲ್ಲಿ ಅವಳು ಹೋಗಲಿಲ್ಲ. ಹಿಂದಿನ ಕೋಣೆಯಲ್ಲಿ ದೊಡ್ಡಪ್ಪ ಗೊಬ್ಬರದ ಚೀಲ ಇಡಲು ಶುರುಮಾಡಿದರು. ಮೊದಲು ಎರಡು ಚೀಲ, ಆಮೇಲೆ ಗೋಡೆ ಉದ್ದಕ್ಕೂ. ಅವಳ ಒಲೆ ಅಂಗಳಕ್ಕೆ ಬಂತು, ಮಳೆ ಹಿಡಿದಾಗ ಅದೂ ಹೊತ್ತದಂತಾಯಿತು. ಅತ್ತಿಗೆ ಮುದ್ದೆ ತಿರುವಿ ಕರೆಯುವವರೆಗೆ ಬಾಗಿಲ ಬಳಿ ಕೂತಿರುತ್ತಿದ್ದಳು ಎಂದು ಅಮ್ಮ ಒಮ್ಮೆ ಊರಿನಿಂದ ಬಂದು ಹೇಳಿದಳು. ಒಂದು ದಿನ ಸೀರೆ ಗಂಟು ಕಟ್ಟಿಕೊಂಡು ಹುತ್ರಿದುರ್ಗದ ಕೆಳಗಿನ ಗಂಡನ ಊರಿಗೆ ಹೊರಟುಹೋದಳು. ಅಲ್ಲಿ ಗಂಡನ ತಮ್ಮನ ಮಗ ಇದ್ದ. ದನ ನೋಡಿಕೊಳ್ಳಲು ಒಬ್ಬರು ಬೇಕಿತ್ತಂತೆ.

ನನ್ನ ಕೆಲಸ ಖಾಯಂ ಆಯಿತು. ಎರಡು ಸಾವಿರದ ನಂತರದ ವರ್ಷಗಳಲ್ಲಿ ನಾನು ತುಮಕೂರಿನ ಕಚೇರಿಯಲ್ಲಿ ಮೇಜಿನ ಹಿಂದೆ ಕೂತು ಹಲಸಿನ ವಾರ್ಷಿಕ ವರದಿ ತಯಾರಿಸುತ್ತಿದ್ದೆ. ಅದರ ಗ್ರಾಫಿನಲ್ಲಿ ಗೆರೆ ಏರುತ್ತಿತ್ತು. ಮರಗಳು ಬೀಳುತ್ತಿದ್ದ ಅದೇ ವರ್ಷಗಳಲ್ಲಿ ಹಣ್ಣಿನ ಗೆರೆ ಏರುತ್ತಿತ್ತು. ಇದರಲ್ಲಿ ಮೋಸವೇನೂ ಇರಲಿಲ್ಲ. ಬದುವಿನಲ್ಲಿ ತಿಂದದ್ದು, ಹಂಚಿದ್ದು, ಅತ್ತೆಯಂಥವರು ಗೋಣಿಯಲ್ಲಿ ಕಟ್ಟಿಕೊಂಡು ಹೋಗಿ ಮಾರಿದ್ದು ಯಾವ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಈಗ ಅದೆಲ್ಲ ಸಂತೆಯ ಗೇಟು ದಾಟಿ ಲಾರಿ ಹತ್ತುತ್ತಿತ್ತು, ಗೇಟಿನಲ್ಲಿ ಬರೆದುಕೊಳ್ಳುತ್ತಿದ್ದರು. ಇದ್ದದ್ದು ಕಾಣಿಸಿಕೊಂಡದ್ದಕ್ಕೆ ಬೆಳೆದದ್ದು ಎಂದು ಹೆಸರಾಯಿತು. ಏರಿಕೆಗೆ ಕಾರಣ ಎಂಬಲ್ಲಿ, ರೈತರಲ್ಲಿ ಹಲಸಿನ ಬಗ್ಗೆ ಮೂಡಿರುವ ಅರಿವು ಎಂದು ನಾನು ಬರೆದೆ. ಮರು ವರ್ಷ ಅದೇ ವಾಕ್ಯವನ್ನು ನೋಡಿ ನಕಲು ಮಾಡಿದೆ. ಸಾಹೇಬರು ಮೆಚ್ಚಿದರು. ಹಳೆಯ ಗಣತಿಯ ಫಾರಂಗಳು ಬೀರುವಿನಲ್ಲಿದ್ದವು. ಒಮ್ಮೆ ನಮ್ಮೂರಿನ ಕಟ್ಟನ್ನು ಬಿಚ್ಚಿ ನೋಡಿದೆ. ಸೊನ್ನೆ ಅಲ್ಲೇ ಇತ್ತು. ನೆನಪಿನಲ್ಲಿ ಇದ್ದುದಕ್ಕಿಂತ ಚಿಕ್ಕದಾಗಿ, ಆತುರವಿಲ್ಲದೆ, ಎರಡು ತುದಿಯೂ ಸರಿಯಾಗಿ ಕೂಡಿಕೊಂಡು ದುಂಡಗಿತ್ತು. ತಿದ್ದಬಹುದೇ ಎಂದು ಪಕ್ಕದ ಮೇಜಿನವರನ್ನು ಕೇಳಿದೆ. "ಒಂದು ಮರದಿಂದ ಏನ್ ಆಗುತ್ತೆ ಮೇಡಂ, ಸರಾಸರೀಲಿ ಹೋಗುತ್ತೆ," ಎಂದರು. ಕಟ್ಟು ಬಿಗಿದು ಒಳಗಿಟ್ಟೆ.

ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ, ಕೆಲಸದ ಮೇಲೆ ಕುಣಿಗಲ್‌ಗೆ ಹೋದವಳು ಅಲ್ಲಿಂದ ಅತ್ತೆಯನ್ನು ನೋಡಲು ಹೋದೆ. ಕೊ‌ಟ್ಟಿಗೆಯ ಪಕ್ಕದ ಇಳಿಮಾಡಿನ ಕೆಳಗೆ ಅವಳ ಚಾಪೆ ಇತ್ತು. ಕಣ್ಣಿಗೆ ಪೊರೆ ಬಂದಿತ್ತು. ಕಾಲು ಊದಿತ್ತು. ನಾನು ತಂದಿದ್ದ ಬ್ರೆಡ್ಡನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು. ನನ್ನ ಗಂಡ, ಮಗಳು, ಕೆಲಸ ಎಲ್ಲ ವಿಚಾರಿಸಿದಳು. ಮರದ ಮಾತು ನಾನು ಎತ್ತಲಿಲ್ಲ. ಎತ್ತಬೇಕೆಂದೇ ಬಂದಿದ್ದೆ, ಬಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡೂ ಬಂದಿದ್ದೆ. ಎತ್ತಿದವಳು ಅವಳು.

"ಅವತ್ತು ಜಗಲೀಲಿ ನಿನ್ನ ಕೇಳಿದ್ರಲ್ಲ, ಅಕ್ಷರ ನಿಂದೇನಾ ಅಂತ."

"ಹೂಂ ಅತ್ತೆ."

"ಹೌದು ಅಂದೆ. ಅಂದ್ಮೇಲೆ ಇನ್ನೂ ಏನೋ ಹೇಳಾಕೆ ಬಾಯಿ ತೆಗ್ದೆ. ನಾನು ನಿನ್ನೇ ನೋಡ್ತಿದ್ದೆ. ಅಷ್ಟೊತ್ಗೆ ನಿಮ್ಮಪ್ಪ ಕೆಮ್ಮುದ. ನೀನು ಸುಮ್ಕಾದೆ." ಅವಳು ಮುಖವನ್ನು ನನ್ನ ಧ್ವನಿ ಬರುವ ಕಡೆಗೆ ಹೊರಳಿಸಿದಳು. "ಏನ್ ಹೇಳಾಕ್ ಹೊರ್ಟಿದ್ದೆ ಕಣೇ?"

ಇಷ್ಟು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು. ದನದ ಹಗ್ಗ ಹಿಡಿದು ಬೆಟ್ಟದ ಕೆಳಗೆ ಓಡಾಡುವಾಗ, ಇಡೀ ಜಗಲಿಯಲ್ಲಿ ಒಬ್ಬಳಾದರೂ ತನ್ನ ಪರ ಬಾಯಿ ತೆರೆದಿದ್ದಳು ಎಂದು ಇಟ್ಟುಕೊಂಡಿದ್ದಳು.

ನನ್ನ ನೆನಪು ಬೇರೆ. ಹೌದು ಎಂದ ಮೇಲೆ ದೊಡ್ಡಮ್ಮ ಒಳಗಿನಿಂದ ಬಂದು ನನ್ನ ಕೈಗೆ ಮಜ್ಜಿಗೆಯ ಲೋಟ ಕೊಟ್ಟರು. ಬಸ್ಸಿನಲ್ಲಿ ಬಂದ ಬಾಯಾರಿಕೆ. ನಾನು ಬಾಯಿ ತೆರೆದದ್ದು ಅದಕ್ಕೆ. ಅಪ್ಪ ಜಗಲಿಯಲ್ಲಿ ಇರಲಿಲ್ಲ, ಕೈಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದ. ಉಳಿದ ಯಾವ ನೆನಪನ್ನೂ ನಂಬದ ನಾನು ಇದೊಂದನ್ನು ಯಾಕೆ ಹಿಡಿದುಕೊಳ್ಳಬೇಕು, ಅವಳದ್ದೇ ಸರಿ ಇರಬಾರದೇಕೆ ಎಂದು ಆ ಚಾಪೆಯ ಮೇಲೆ ಕೂತು ಯೋಚಿಸಿದೆ. ಯೋಚಿಸಿದೆ ಎನ್ನುವುದು ದೊಡ್ಡ ಮಾತು. ಅವಳು ಕಾಯುತ್ತಿದ್ದಳು.

"ಮರದಲ್ಲಿ ಕಾಯಿ ಇತ್ತು, ನಾನೇ ಕಣ್ಣಾರೆ ನೋಡ್ದೆ, ಅಂತ ಹೇಳೋಕೆ ಹೊರಟಿದ್ದೆ ಅತ್ತೆ."

"ಹಂಗೇ ಅನ್ಕಂಡಿದ್ದೆ," ಎಂದಳು. ಊದಿದ ಕಾಲನ್ನು ನೀವಿಕೊಂಡು, "ನಿಮ್ಮಪ್ಪ ಕೆಮ್ಮಬಾರ್ದಾಗಿತ್ತು," ಎಂದಳು. "ಒಡಹುಟ್ಟಿದೋನು."

ಅವಳು ಬ್ರೆಡ್ಡಿನ ಪೊಟ್ಟಣಕ್ಕೆ ಕೈಚಾಚಿದಳು. ಹುತ್ರಿದುರ್ಗದ ಕಡೆಯಿಂದ ಬರುವ ಬಸ್ಸು ಸಂಜೆಗೆ ಒಂದೇ ಎಂದು ಅವಳ ಗಂಡನ ತಮ್ಮನ ಮಗ ಬಂದು ಅವಸರ ಮಾಡಿದ. ನಾನು ಎದ್ದೆ. ಆ ವರ್ಷದ ಆಷಾಢದಲ್ಲಿ ಅತ್ತೆ ಹೋದಳು. ತನ್ನ ತಮ್ಮನ ಮೇಲಿನ ಆ ಸಿಟ್ಟನ್ನು ಇಟ್ಟುಕೊಂಡೇ ಹೋಗಿರಬೇಕು. ನಾನು ಅದನ್ನು ಹಾಗೇ ಇರಗೊಟ್ಟೆ.

ಅಪ್ಪ ಕೆಮ್ಮಿರಲಿಲ್ಲ.